ನೀರಿಗೆ ಹೆಪ್ಪು ಹಾಕೋದು

ಈ ವರ್ಷ ಜನವರೀಲಿ ದೊಡ್ಡಪ್ಪನ ಹಲ್ಲು ತೋರ್ಸೋದಕ್ಕೆ ಅಂತ ಮಂಡ್ಯದಲ್ಲಿ ಒಂದು ಕ್ಲಿನಿಕ್‌ಗೆ ಕರ್ಕೊಂಡು ಹೋಗಿದ್ದೆ. ನಮಗಿಂತ ಮುಂಚೆ ಹನ್ನೊಂದು ಜನ ಇದ್ರು. ಟಿವಿ ಕೆಳಗಡೆ ಒಂದು ಮೂರಡಿ ಟ್ಯಾಂಕ್, ಅದರಲ್ಲಿ ಒಂದೇ ಒಂದು ಮೀನು, ಬೂದು ಬಣ್ಣದ್ದು, ಒಂದೂವರೆ ಅಡಿ ಮೇಲೇ ಇತ್ತು ಉದ್ದ. ಟ್ಯಾಂಕಿನ ಅಗಲ ಒಂದಡಿ. ಅಂದ್ರೆ ಅದು ಈ ಕಡೆ ಮೂಲೆಯಿಂದ ಆ ಕಡೆಗೆ ತಿರುಗ್ಬೇಕು ಅಂದ್ರೆ ಮೈ ಬಿಲ್ಲಿನ ಹಾಗೆ ಬಗ್ಗಿಸ್ಬೇಕು, ಬಾಲ ಹಿಂದಿನ ಗಾಜಿಗೆ ಒರೆಸ್ಕೊಂಡು ಬರ್ಬೇಕು, ತಿರುಗಿದ ಮೇಲೆ ಎರಡು ಸಲ ಬಾಲ ಬೀಸೋ ಅಷ್ಟರಲ್ಲಿ ಮತ್ತೆ ಗಾಜು. ಮೂತಿ ತುದಿ ಉಜ್ಜಿ ಉಜ್ಜಿ ಬೆಳ್ಳಗಾಗಿತ್ತು. ಎರಡು ಗಂಟೆ ಅಲ್ಲೇ ಕೂತಿದ್ವಿ, ಅಷ್ಟೂ ಹೊತ್ತು ಅದು ತಿರುಗ್ತಾನೇ ಇತ್ತು. ದೊಡ್ಡಪ್ಪ ಜೀವಮಾನದಲ್ಲಿ ಅಕ್ವೇರಿಯಂ ಕಡೆ ತಲೆ ಹಾಕಿದವರಲ್ಲ, ಅವರೇ ಕೆನ್ನೆ ಹಿಡ್ಕೊಂಡು ಕೇಳಿದ್ರು, "ಇದೇನ್ಲಾ ಮಗ, ಹಿಂಗ್ ಕಟ್ಟಾಕವ್ರೆ? ದನಾನಾದ್ರೂ ಹೊತ್ತುಟ್ಟಿದ್ ಮ್ಯಾಕೆ ಹಗ್ಗ ಬಿಚ್ಚಿ ಮೇಯಕ್ಕೆ ಬುಡ್ತೀವಿ."

ಕೌಂಟರಲ್ಲಿದ್ದ ಹುಡುಗಿಯನ್ನ ಕೇಳಿದೆ. "ಶಾರ್ಕ್ ಅಂತ ಕೊಟ್ರು ಸಾರ್, ನಾಕು ವರ್ಷ ಆಯ್ತು, ತಂದಾಗ ಹೆಬ್ಬೆರಳುದ್ದ ಇತ್ತು" ಅಂದ್ಳು. ಅದು ಶಾರ್ಕ್ ಅಲ್ಲ, ಪಂಗಾಸಿಯಸ್, ಮೆಕಾಂಗ್ ನದಿಯ ಮೀಸೆ ಮೀನು. ನಮ್ಮಲ್ಲಿ ಹೋಟೆಲಲ್ಲಿ, ಸೂಪರ್ ಮಾರ್ಕೆಟಲ್ಲಿ ಬಾಸಾ ಅಂತ ಸಿಗೋ ಬಿಳಿ ಫಿಲೆಟ್ ಇದೆಯಲ್ಲ, ಅದು ಹೆಚ್ಚಿನಂಶ ಇದೇ ಮೀನಿಂದು. ನಾಲ್ಕಡಿ ದಾಟಿ ಬೆಳೆಯೋ ಜಾತಿ, ಗುಂಪಲ್ಲಿ ಇರುತ್ತೆ, ಮೊಟ್ಟೆ ಇಡೋ ಕಾಲಕ್ಕೆ ನದೀಲಿ ನೂರಾರು ಕಿಲೋಮೀಟರ್ ಹೋಗುತ್ತೆ. ನಾನು ಇದನ್ನೆಲ್ಲ ಹೇಳ್ತಿದ್ದ ಹಾಗೆ ಆ ಹುಡುಗಿ ಮುಖ ಸಣ್ಣದಾಯ್ತು, "ನೀವು ತಗೊಂಡೋಗ್ತೀರಾ ಸಾರ್? ದಿನಾ ಇಲ್ಲೇ ಕೂತ್ಕೊಂಡು ನೋಡೋಕೆ ನಂಗೂ ಆಗಲ್ಲ" ಅಂದ್ಳು. "ಯೋಚ್ನೆ ಮಾಡಿ ಹೇಳ್ತೀನಮ್ಮ" ಅಂತ ನಂಬರ್ ಬರ್ಕೊಂಡು ಬಂದೆ.

ಅವತ್ತು ಮೈಸೂರಲ್ಲಿ ನಮ್ಮನೆ ಹಾಲ್‌ನಲ್ಲಿ 850 ಲೀಟರ್ ನೀರು ತುಂಬಿದ ಟ್ಯಾಂಕ್ ಒಂದೂ ಮೀನಿಲ್ಲದೆ ಓಡ್ತಾ ಇತ್ತು. ಹತ್ತೊಂಬತ್ತನೇ ದಿನ. ಅದೇ ನನ್ನನ್ನ ಇವತ್ತಿಗೂ ಕಾಡೋದು, ಅದಕ್ಕೇ ಇದನ್ನೆಲ್ಲ ಬರೀತಿದೀನಿ.

ಸಂಪಿಗೆ ಮರದ ಕೆಳಗೆ

ಖಾಲಿ ಯಾಕೆ ಓಡ್ತಿತ್ತು ಅಂದ್ರೆ 2014ಕ್ಕೆ ಹೋಗ್ಬೇಕು. ಆಗ ಆಸ್ಕರ್ ಅನ್ನೋ ಜಾತಿ ಮೀನಿನ ಎರಡು ಮರಿ ತಂದಿದ್ದೆ, ಎರಡಿಂಚು ಇರ್ಬೇಕು, ಕಪ್ಪು ಮೈ ಮೇಲೆ ಕೆಂಡದ ಗೆರೆ ಎಳೆದ ಹಾಗೆ. ಟ್ಯಾಂಕ್, ಮೀನು, ಕಲ್ಲು, ಗಿಡ, ಫಿಲ್ಟರ್ ಎಲ್ಲಾ ಒಂದೇ ಸಾಯಂಕಾಲ ತಂದು, ಕಾರ್ಪೊರೇಷನ್ ನೀರು ಹಿಡಿದು, ಕ್ಲೋರಿನ್ ಹೋಗೋ ಔಷಧಿ ನಾಲ್ಕು ಹನಿ ಹಾಕಿ ರಾತ್ರಿ ಎಂಟಕ್ಕೆ ಬಿಟ್ಟೆ. ಮೂರು ದಿನ ಚೆನ್ನಾಗಿದ್ವು. ನಾಲ್ಕನೇ ದಿನ ನೀರು ತೆಳು ಮಜ್ಜಿಗೆ ಥರ ಆಯ್ತು. ಐದನೇ ದಿನ ಎರಡೂ ಮೇಲೆ ಬಂದು ಬಾಯಿ ಬಿಡೋಕೆ ಶುರು ಮಾಡಿದ್ವು, ಕಿವಿರು ಕೆಂಪಗಾಗಿ ಉರಿದ ಹಾಗಿತ್ತು. ನೀರು ಗಲೀಜಾಗಿದೆ, ತೊಳೆದ್ರೆ ಸರಿಯಾಗುತ್ತೆ ಅಂದ್ಕೊಂಡು ನಾನು ಪೂರ್ತಿ ನೀರು ಚೆಲ್ಲಿ, ಫಿಲ್ಟರಿನ ಸ್ಪಂಜನ್ನ ನಲ್ಲಿ ಕೆಳಗೆ ಹಿಂಡಿ ಹಿಂಡಿ ಬೆಳ್ಳಗೆ ಮಾಡಿ ಹಾಕಿದೆ. ಅದರಲ್ಲಿ ಅಷ್ಟೋ ಇಷ್ಟೋ ಹುಟ್ಟಿಕೊಂಡಿದ್ದ ಜೀವಾನೂ ಕ್ಲೋರಿನ್ ನೀರಲ್ಲಿ ಹೋಯ್ತು. ಒಂಬತ್ತನೇ ದಿನ ಬೆಳಿಗ್ಗೆ ಒಂದು ಮಗ್ಗುಲಾಗಿ ಬಿದ್ದಿತ್ತು. ಅಮ್ಮ ಏನೂ ಅನ್ನಲಿಲ್ಲ, ಹಿತ್ತಲಲ್ಲಿ ಸಂಪಿಗೆ ಮರದ ಬುಡದಲ್ಲಿ ಗುಂಡಿ ತೆಗೆದು ಹೂತ್ರು. ನಾನು ಆಫೀಸಿಗೆ ಹೋಗಿ ಅವತ್ತು ಏನ್ ಕೆಲಸ ಮಾಡಿದೆ ಅಂತ ನೆನಪೇ ಇಲ್ಲ.

ಇನ್ನೊಂದು ಬದುಕ್ತು. ಏಳು ವರ್ಷ ಬದುಕ್ತು, ಹನ್ನೊಂದು ಇಂಚಾಯ್ತು, ಗೇಟಲ್ಲಿ ನನ್ನ ಗಾಡಿ ಶಬ್ದ ಕೇಳಿದ್ರೆ ಗಾಜಿನ ಹತ್ರ ಬಂದು ನಿಲ್ತಿತ್ತು. ಆಮೇಲೆ ನಾಲ್ಕಡಿ ಟ್ಯಾಂಕ್ ಮಾಡ್ಸಿದ್ದೆ ಅದಕ್ಕೆ, ಅಗಲ ಒಂದೂವರೆ ಅಡಿ, ನೀರು 250 ಲೀಟರ್ ಆಸುಪಾಸು. ಆಗ ಅದೇ ದೊಡ್ಡದು ಅನ್ನಿಸಿತ್ತು. ಕೊನೇ ಎರಡು ವರ್ಷ ಅದರ ಹಣೆ ಮೇಲೆ ಸಣ್ಣ ಸಣ್ಣ ಗುಳಿ ಬಿದ್ವು. 2021ರಲ್ಲಿ ಹೋಯ್ತು. ಆಸ್ಕರ್ ಚೆನ್ನಾಗಿ ನೋಡ್ಕೊಂಡ್ರೆ ಹತ್ತು ಹದಿನೈದು ವರ್ಷ ಇರೋ ಮೀನು, ಅದರ ಲೆಕ್ಕದಲ್ಲಿ ಅರ್ಧ ಆಯಸ್ಸು ನಾನು ಕಿತ್ಕೊಂಡೆ ಅಂತಲೇ ನನಗನ್ನಿಸೋದು.

ಹಸಿ ಗೊಬ್ಬರ

ಅಕ್ವೇರಿಯಂ ಇಟ್ಟೋರಿಗೆಲ್ಲ ಸೈಕ್ಲಿಂಗ್ ಅನ್ನೋ ಪದ ಗೊತ್ತಿರುತ್ತೆ, ಅಮೋನಿಯಾ ನೈಟ್ರೈಟ್ ಆಗಿ ನೈಟ್ರೈಟ್ ನೈಟ್ರೇಟ್ ಆಗೋದು ಅಂತ ಬಾಯಿಪಾಠಾನೂ ಬರುತ್ತೆ, ನಂಗೂ ಬರ್ತಿತ್ತು, ಆದ್ರೂ ಮನಸ್ಸಿಗೆ ಇಳಿದಿರ್ಲಿಲ್ಲ. ಇಳಿಸಿದ್ದು ದೊಡ್ಡಪ್ಪ. ಹಲ್ಲಿನ ಕೆಲಸ ಮುಗಿಸ್ಕೊಂಡು ಅವತ್ತು ಊರಿಗೆ ಬಿಡೋಕೆ ಹೋದಾಗ ದಾರೀಲಿ ಕೇಳಿದ್ರು, ನಿಂದೊಂದು ತೊಟ್ಟಿ ಅದಲ್ಲ, ಅದ್ರಲ್ಲಿ ಬುಡಬೋದಲ್ಲ ಆ ಮೀನ, ಅಂತ. ಇನ್ನೂ ನೀರು ರೆಡಿ ಇಲ್ಲ ದೊಡ್ಡಪ್ಪ, ಹಾಕಿದ್ದನ್ನ ಜೀರ್ಣ ಮಾಡೋ ಬ್ಯಾಕ್ಟೀರಿಯಾ ಬೆಳೀಬೇಕು, ಇನ್ನೂ ಮೂರು ವಾರ ಆದ್ರೂ ಬೇಕು ಅಂತ ಹೇಳ್ದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಂಗಾರೆ ಗೊಬ್ರ ಇನ್ನೂ ಕಳ್ತಿಲ್ಲ ಅನ್ನು. ಹಸೀ ಗೊಬ್ರ ಹಾಕುದ್ರೆ ಪೈರು ಸುಟ್ಟೋಯ್ತದೆ" ಅಂದ್ರು.

ಅದೇ ಅಷ್ಟೇ. ತಿಪ್ಪೆಯಲ್ಲಿ ನಡೆಯೋದೂ ಟ್ಯಾಂಕಲ್ಲಿ ನಡೆಯೋದೂ ಒಂದೇ ಕೆಲಸ. ಮೀನು ಕಿವಿರಿಂದ ಅಮೋನಿಯಾ ಬಿಡುತ್ತೆ, ಉಳಿದ ಫುಡ್ ಕೊಳೆತು ಇನ್ನಷ್ಟು ಸೇರುತ್ತೆ. ಒಂದು ಜಾತಿ ಬ್ಯಾಕ್ಟೀರಿಯಾ ಅದನ್ನ ತಿಂದು ನೈಟ್ರೈಟ್ ಮಾಡುತ್ತೆ. ಅದು ಅಮೋನಿಯಾಗಿಂತ ಏನೂ ಕಮ್ಮಿ ಅಲ್ಲ, ರಕ್ತದೊಳಗೆ ಹೋಗಿ ಹಿಮೋಗ್ಲೋಬಿನ್ ಹಿಡ್ಕೊಳ್ಳುತ್ತೆ, ರಕ್ತ ಕಂದು ಬಣ್ಣಕ್ಕೆ ತಿರುಗುತ್ತೆ, ನೀರಲ್ಲಿ ಬೇಕಾದಷ್ಟು ಆಮ್ಲಜನಕ ಇದ್ರೂ ಮೀನು ಉಸಿರುಗಟ್ಟಿ ಒದ್ದಾಡುತ್ತೆ. ಆ ನೈಟ್ರೈಟನ್ನ ತಿಂದು ನೈಟ್ರೇಟ್ ಮಾಡೋರು ಬೇರೆಯವರು. ಬಹಳ ಕಾಲ ಅದು ನೈಟ್ರೋಬ್ಯಾಕ್ಟರ್ ಅಂತ ಎಲ್ಲ ಪುಸ್ತಕದಲ್ಲೂ ಇತ್ತು, ಸಿಹಿನೀರಿನ ಟ್ಯಾಂಕಲ್ಲಿ ಆ ಕೆಲಸ ಮಾಡೋದು ನೈಟ್ರೋಸ್ಪೈರಾ ಅಂತ ಗೊತ್ತಾಗಿದ್ದು 1998ರಲ್ಲಿ, ಅದೇ ನೈಟ್ರೋಸ್ಪೈರಾ ಬಳಗದ ಕೆಲವು ಒಬ್ಬೊಬ್ಬರೇ ಎರಡೂ ಕೆಲಸ ಮುಗಿಸ್ತವೆ ಅಂತ ಗೊತ್ತಾಗಿದ್ದು 2015ರಲ್ಲಿ. ಇವು ತುಂಬ ನಿಧಾನಕ್ಕೆ ಬೆಳೆಯೋ ಜೀವಗಳು. ಹಾಲು ಒಡೆಸೋ ಬ್ಯಾಕ್ಟೀರಿಯಾ ಅರ್ಧ ಗಂಟೆಗೆ ಎರಡರಷ್ಟಾದ್ರೆ ಇವಕ್ಕೆ ಅರ್ಧ ದಿನ, ಒಂದು ದಿನ ಬೇಕು. ದುಡ್ಡು ಕೊಟ್ಟು ದೊಡ್ಡ ಫಿಲ್ಟರ್ ತರಬಹುದು, ಈ ದಿನಗಳನ್ನ ತರೋಕಾಗಲ್ಲ.

ಅವತ್ತೇ ದೊಡ್ಡಪ್ಪನ ಕಬ್ಬಿನ ಗದ್ದೆ ಬೋರ್ ನೀರನ್ನ ಒಂದು ಬಾಟ್ಲಿಗೆ ಹಿಡ್ಕೊಂಡು ಬಂದೆ, ಸುಮ್ಮನೆ ಟೆಸ್ಟ್ ಮಾಡೋಣ ಅಂತ. ನೈಟ್ರೇಟ್ ಟೆಸ್ಟಲ್ಲಿ ಬಣ್ಣ ಹಳದೀಲಿ ಶುರುವಾಗಿ ಕೇಸರಿ ದಾಟಿ ಕೆಂಪಿಗೆ ಹೋಯ್ತು, ಕಾರ್ಡಲ್ಲಿ 40ಕ್ಕೂ 80ಕ್ಕೂ ಮಧ್ಯೆ. ಕುಡಿಯೋ ನೀರಿಗೆ ನಮ್ಮ ದೇಶದ ಮಿತಿ ಲೀಟರಿಗೆ 45 ಮಿಲಿಗ್ರಾಂ. ಮೂವತ್ತು ವರ್ಷ ಕಬ್ಬಿಗೆ ಸುರಿದ ಯೂರಿಯಾ ಮಣ್ಣಲ್ಲಿ ಅಮೋನಿಯಾ ಆಗಿ, ಅದೇ ಬ್ಯಾಕ್ಟೀರಿಯಾ ಕೈಲಿ ನೈಟ್ರೇಟ್ ಆಗಿ, ಬೆಳೆ ಹೀರಿ ಮಿಕ್ಕಿದ್ದು ಕೆಳಗಿಳಿದಿದೆ. ಒಂದು ಮೀನೂ ಕಾಣದ ನೀರು, ಆದ್ರೆ ಅದರ ಸೈಕಲ್ ನನ್ನ ಟ್ಯಾಂಕಿಗಿಂತ ಎಷ್ಟೋ ಮುಂಚೆ ಮುಗಿದಿತ್ತು. ಫೋನ್ ಮಾಡಿ ಹೇಳ್ದೆ, ದೊಡ್ಡಮ್ಮ "ಕುಡ್ಯಕ್ಕೆ ಘಟಕದಿಂದ ಕ್ಯಾನ್ ತತ್ತೀವಿ ಕಣಪ್ಪ" ಅಂದ್ರು, ಸಮಾಧಾನ ಆಯ್ತು. (ಮಂಡ್ಯ ಕಡೆ ಬೋರ್ ನೀರಲ್ಲಿ ಟ್ಯಾಂಕ್ ಇಡೋರು ದಯವಿಟ್ಟು ಮೊದಲು ಬರೀ ನೀರನ್ನ ಟೆಸ್ಟ್ ಮಾಡಿ. ನೈಟ್ರೇಟ್ ಜಾಸ್ತಿ ಇರೋ ನೀರಲ್ಲಿ ವಾರಕ್ಕೆ ಎರಡು ಸಲ ನೀರು ಬದಲಾಯಿಸಿದ್ರೂ ನೈಟ್ರೇಟ್ ಇಳಿಯಲ್ಲ.)

ನಲವತ್ತೊಂದು ದಿನ

ಈ ಸಲದ ಟ್ಯಾಂಕ್ ಆರಡಿ ಉದ್ದ, ಎರಡೂವರೆ ಅಡಿ ಅಗಲ, ಎರಡಡಿ ಎತ್ತರ. ಮೈಸೂರಿಂದ ಬೆಂಗಳೂರಿಗೆ ಮನೆ ಖಾಲಿ ಮಾಡ್ಕೊಂಡು ಹೋಗ್ತಿದ್ದ ಪರಿಚಯದವರ ಎರಡು ಆಸ್ಕರ್‌ಗೋಸ್ಕರ, ಹತ್ತತ್ತು ಇಂಚಿನವು, ಮೂರಡಿ ಟ್ಯಾಂಕಲ್ಲಿ ಭುಜಕ್ಕೆ ಭುಜ ತಾಗಿಸ್ಕೊಂಡು ಇದ್ವು. ಫೆಬ್ರವರಿ ಕೊನೆಗೆ ಮನೆ ಬಿಡ್ತೀವಿ ಅಂದಿದ್ರು, ಅಷ್ಟರಲ್ಲಿ ನೀರು ಮಾಗ್ಬೇಕಿತ್ತು. ನೀರು, ಗಾಜು, ಸ್ಟ್ಯಾಂಡು ಸೇರಿ ಒಂದು ಟನ್ ದಾಟುತ್ತೆ, ಹಾಗಾಗಿ ಮಹಡಿ ಮೇಲಿನ ನನ್ನ ರೂಮ್ ಬಿಟ್ಟು ಕೆಳಗೆ ಹಾಲಲ್ಲೇ ಇಟ್ಟೆ. ಮನೆ ಕಟ್ಟಿದ ಮೇಸ್ತ್ರಿಯನ್ನೇ ಕರೆಸಿ ರಸಮಟ್ಟ ಇಡಿಸಿದ್ದೆ, ಒಂದು ಮೂಲೆ ಎರಡು ನೂಲು ತಗ್ಗಿತ್ತು, ಸರಿ ಮಾಡಿ ಮೇಲೆ ಥರ್ಮೊಕೋಲ್ ಹಾಸಿ ಆಮೇಲೆ ಟ್ಯಾಂಕ್ ಕೂರಿಸಿದ್ದು.

ಅಂಗಡಿಯಿಂದ ಹಳೇ ಸ್ಪಂಜ್ ತರಬಹುದಿತ್ತು, ಆದ್ರೆ ಜೊತೇಲಿ ಬಿಳಿ ಚುಕ್ಕೆ ರೋಗಾನೂ ಬಂದ್ರೆ ಅನ್ನೋ ಭಯಕ್ಕೆ ಸೊನ್ನೆಯಿಂದಲೇ ಶುರು ಮಾಡಿದೆ. ಮೀನಿನ ಬದಲು ಅಮೋನಿಯಂ ಕ್ಲೋರೈಡ್ ಹಾಕೋದು, ನಮ್ಮ ಕಡೆ ನವಸಾಗರ ಅಂತಾರಲ್ಲ, ಕಲಾಯಿಯವರು ಬಿಸಿ ಪಾತ್ರೆಗೆ ಉಜ್ಜಿದ್ರೆ ಬಿಳೀ ಹೊಗೆ ಏಳ್ತಿತ್ತಲ್ಲ, ಅದೇ. ನಾನು ತಂದಿದ್ದು ಲ್ಯಾಬ್ ಕೆಮಿಕಲ್ ಮಾರೋ ಕಡೆಯಿಂದ, ಶುದ್ಧದ್ದು. 850 ಲೀಟರಿಗೆ 5 ಗ್ರಾಂ ಹಾಕಿದ್ರೆ ಲೀಟರಿಗೆ ಸುಮಾರು 2 ಮಿಲಿಗ್ರಾಂ ಅಮೋನಿಯಾ ಆಗುತ್ತೆ. ನೀರಿನ ಕ್ಲೋರಿನ್ ತೆಗೆಯೋಕೆ ಸೋಡಿಯಂ ಥಯೋಸಲ್ಫೇಟ್ ಹರಳು, ಫೋಟೋ ಸ್ಟುಡಿಯೋದವರ ಹೈಪೋ. ಡಿಸೆಂಬರ್ ಜನವರೀಲಿ ಮೈಸೂರಲ್ಲಿ ರಾತ್ರಿ ಚಳಿ ಜೋರು, ತಣ್ಣೀರಲ್ಲಿ ಬ್ಯಾಕ್ಟೀರಿಯಾ ಇನ್ನೂ ನಿಧಾನ, ಅದಕ್ಕೆ ಎರಡು ಹೀಟರ್ ಹಾಕಿ 28 ಡಿಗ್ರಿಗೆ ಇಟ್ಟೆ. ಅಮ್ಮ ದಿನಾ ದೀಪ ಹಚ್ಚೋ ಹೊತ್ತಿಗೆ ನಾನು ಟೆಸ್ಟ್ ಟ್ಯೂಬ್ ಅಲ್ಲಾಡಿಸ್ತಾ ನಿಂತಿರ್ತಿದ್ದೆ. ಎಂಟು ದಿನ ಏನೂ ಇಲ್ಲ, ಅಮೋನಿಯಾ ಟ್ಯೂಬ್ ಅದೇ ಹಸಿರು. ಒಂಬತ್ತನೇ ದಿನ ಹಸಿರು ಸ್ವಲ್ಪ ತಿಳಿಯಾಯ್ತು. ಹನ್ನೆರಡನೇ ದಿನ ನೈಟ್ರೈಟ್ ಟ್ಯೂಬಲ್ಲಿ ತಿಳಿನೀಲಿ ಹೋಗಿ ನೇರಳೆ ಬಂತು, ಬಂದಿದ್ದು ಹೋಗ್ಲೇ ಇಲ್ಲ. ನೇರಳೆ, ನೇರಳೆ, ಮೂರೂವರೆ ವಾರ ಬರೀ ನೇರಳೆ ಹಣ್ಣಿನ ಬಣ್ಣ. ಈ ಹಂತದಲ್ಲೇ ಜನ ಸೋತು ಮೀನು ಬಿಟ್ಬಿಡೋದು, ಯಾಕಂದ್ರೆ ನೋಡೋಕೆ ನೀರು ಸ್ಫಟಿಕದ ಹಾಗಿರುತ್ತೆ. ಕಣ್ಣಿಗೆ ಕಾಣೋ ಶುದ್ಧಕ್ಕೂ ಮೀನಿಗೆ ಬೇಕಾದ ಶುದ್ಧಕ್ಕೂ ಸಂಬಂಧವೇ ಇಲ್ಲ ಅಂತ ಆ ಮೂರು ವಾರದಲ್ಲಿ ನಂಗೆ ಪೂರ್ತಿ ಅರ್ಥ ಆಯ್ತು.

ಮೂವತ್ತೆಂಟನೇ ದಿನ ನೇರಳೆ ಮಾಸಿತು. ಮತ್ತೆ 5 ಗ್ರಾಂ ಹಾಕ್ದೆ. ನಲವತ್ತೊಂದನೇ ದಿನಕ್ಕೆ, ಹಾಕಿದ 5 ಗ್ರಾಂ ಇಪ್ಪತ್ನಾಲ್ಕು ಗಂಟೆಯೊಳಗೆ ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ. ಅಮ್ಮನ್ನ ಅಡುಗೆಮನೆಯಿಂದ ಕರ್ಕೊಂಡು ಬಂದು ಎರಡು ಟ್ಯೂಬ್ ತೋರಿಸ್ದೆ, ಒಂದು ಹಳದಿ ಒಂದು ನೀಲಿ. "ಅಂತೂ ಹೆಪ್ಪಾಯ್ತು" ಅಂದ್ರು ಅಮ್ಮ. ಆಮೇಲೆ ಮುಕ್ಕಾಲು ಭಾಗ ನೀರು ತೆಗೆದು ಗಿಡಕ್ಕೆ ಬಿಟ್ವಿ, ಅಷ್ಟೂ ದಿನದ ನೈಟ್ರೇಟ್ ಕೂಡಿತ್ತಲ್ಲ, ಸಂಪಿಗೆ ಮರಕ್ಕೂ ನಾಲ್ಕು ಬಕೆಟ್ ಹೋಯ್ತು.

ಒಂದು ಮಾತು ಹೇಳ್ಬೇಕು ಇಲ್ಲಿ. ದೊಡ್ಡ ಟ್ಯಾಂಕ್ ಅಂದ್ರೆ ಜಾಸ್ತಿ ಬ್ಯಾಕ್ಟೀರಿಯಾ ಅಂತ ಅಲ್ಲ. ಎಷ್ಟು ಊಟ ಬೀಳುತ್ತೋ ಅಷ್ಟೇ ಬ್ಯಾಕ್ಟೀರಿಯಾ ಬೆಳೆಯೋದು, ಅದೂ ಸ್ಪಂಜು, ಸೆರಾಮಿಕ್ ರಿಂಗು, ಕಲ್ಲಿನ ಮೇಲೆ ಅಂಟ್ಕೊಂಡು, ನೀರಲ್ಲಿ ತೇಲ್ಕೊಂಡಲ್ಲ. ದೊಡ್ಡ ನೀರು ಮಾಡೋದು ಏನಂದ್ರೆ ತಪ್ಪಿಗೆ ಟೈಮ್ ಕೊಡುತ್ತೆ. ಕರೆಂಟ್ ಹೋಗಿ ಫಿಲ್ಟರ್ ನಿಂತ್ರೆ, ಒಂದು ಹೊತ್ತು ಊಟ ಜಾಸ್ತಿ ಬಿದ್ರೆ, 50 ಲೀಟರಲ್ಲಿ ಸಾಯಂಕಾಲಕ್ಕೆ ಆಗೋ ಅನಾಹುತ 850 ಲೀಟರಲ್ಲಿ ಆಗೋಕೆ ದಿನಗಟ್ಟಲೆ ಬೇಕು. ಇನ್ನೊಂದು, ನಮ್ಮ ಕಡೆ ಗಡಸು ನೀರು, ಪಿಎಚ್ 8ರ ಹತ್ರ. ಪಿಎಚ್ ಒಂದು ಅಂಕಿ ಏರಿದ್ರೆ ಅಮೋನಿಯಾದಲ್ಲಿ ನಿಜವಾಗಿ ವಿಷವಾಗಿರೋ ಭಾಗ ಸುಮಾರು ಹತ್ತು ಪಟ್ಟಾಗುತ್ತೆ. ಬೇರೆ ಊರಲ್ಲಿ ಮೆತ್ತನೆ ನೀರಿರೋರು "ನಾನು ಅರ್ಜೆಂಟಾಗಿ ಬಿಟ್ಟೆ, ಏನೂ ಆಗ್ಲಿಲ್ಲ" ಅಂದ್ರೆ ಅದು ಅವರ ನೀರಿಗೆ ಸರಿ ಇರಬಹುದು, ಇಲ್ಲಿಗಲ್ಲ.

ತಿರುಗೋಕೆ ಜಾಗ

ಮೀನು ಟ್ಯಾಂಕಿಗೆ ತಕ್ಕ ಹಾಗೆ ಬೆಳೆಯುತ್ತೆ ಅಂತ ಎಲ್ಲರೂ ಹೇಳ್ತಾರೆ. ನಾನು ಇದನ್ನ ಎಷ್ಟು ಸಲ ಕೇಳಿದೀನೋ ಲೆಕ್ಕ ಇಲ್ಲ, ಪ್ರತೀ ಸಲ ಆ ಕ್ಲಿನಿಕ್ಕಿನ ಮೀನಿನ ಮೂತಿ ನೆನಪಾಗುತ್ತೆ. ಕೊಳೆ ನೀರಲ್ಲಿ ಇಕ್ಕಟ್ಟಲ್ಲಿ ಬೆಳವಣಿಗೆ ಕುಂಟುತ್ತೆ ನಿಜ, ಅದು ಹೊಂದಿಕೊಂಡಿದ್ದಲ್ಲ, ಕುಂಠಿತ ಆಗಿದ್ದು. ಮೂರಿಂಚಿನ ರೆಡ್‌ಟೇಲ್ ಕ್ಯಾಟ್‌ಫಿಶ್ ಮರಿ ನೋಡೋಕೆ ಬೆಕ್ಕಿನ ಮರಿ ಥರ ಮುದ್ದಾಗಿರುತ್ತೆ, ಅಮೆಜಾನಲ್ಲಿ ಅದು ಮೂರಡಿ ದಾಟಿ ಬೆಳೆಯೋ ಮೀನು. ಸಿಲ್ವರ್ ಅರೋವಾನಾನೂ ಮೂರಡಿವರೆಗೆ ಬೆಳೆಯುತ್ತೆ. ಈ ಅಳತೆಗಳನ್ನ ಅಂಗಡೀಲಿ ಕವರ್ ಮೇಲೆ ಬರೆದಿರಲ್ಲ. ಮರಿ ಕೊಳ್ಳೋವಾಗಲೇ ದೊಡ್ಡ ಮೀನನ್ನೂ ಕೊಂಡಿರ್ತೀವಿ, ಮಗುಗೆ ಲಂಗ ಹೊಲಿಸೋವಾಗ ಮಡಿಕೆ ಬಿಟ್ಟು ಹೊಲಿಸ್ತಾರಲ್ಲ, ಅಷ್ಟಾದ್ರೂ ಯೋಚ್ನೆ ಬೇಡ್ವಾ ಅನ್ಸುತ್ತೆ. ಟ್ಯಾಂಕ್ ಮಾಡ್ಸೋರು ಉದ್ದ ಕೇಳ್ತಾರೆ, ಎತ್ತರ ಕೇಳ್ತಾರೆ, ನೋಡೋಕೆ ಚೆಂದ ಅಂತ. ಮೀನಿಗೆ ಬೇಕಾಗಿರೋದು ಅಗಲ. ದೊಡ್ಡದಾದ ಮೇಲೆ ಅದರ ಉದ್ದ ಎಷ್ಟೋ ಅದರ ಎರಡರಷ್ಟು ಅಗಲ ಇದ್ರೆ ಅದು ಮೈ ಬಗ್ಗಿಸದೆ ಆರಾಮಾಗಿ ತಿರುಗುತ್ತೆ. ಒಂದಡಿ ಆಸ್ಕರ್‌ಗೆ ಎರಡೂವರೆ ಅಡಿ ಇಟ್ಟಿದ್ದು ಅದಕ್ಕೇ. ಆ ಎರಡು ಆಸ್ಕರ್ ಬಂದ ದಿನ ಒಂದು ಗಂಟೆ ಮೂಲೇಲೇ ನಿಂತಿದ್ವು, ಆಮೇಲೆ ಒಂದು ಮೆಲ್ಲಗೆ ಹೊರಟು ಈ ತುದಿಯಿಂದ ಆ ತುದಿಗೆ ಹೋಗಿ, ದೊಡ್ಡದಾಗಿ ಸುತ್ತು ಹಾಕಿ ವಾಪಸ್ ಬಂತು. ಬಾಲ ಎಲ್ಲೂ ತಾಗಲಿಲ್ಲ. ನಾನು ಅದನ್ನ ನೋಡ್ತಾ ನೆಲದ ಮೇಲೆ ಕೂತುಬಿಟ್ಟೆ.

ನಾಲೆ

ಕ್ಲಿನಿಕ್ಕಿನ ಮೀನಿಗೆ ನಾನು ಹಾಕಿದ ಲೆಕ್ಕ ಇಷ್ಟು. ಎರಡೂವರೆ ಅಡಿ ಅಗಲ ಇವತ್ತಿಗೆ ಹೇಗೋ ಸಾಕಾಗುತ್ತೆ, ವರ್ಷಕ್ಕೆ ಸಾಕಾಗಲ್ಲ. ಬೆಚ್ಚಿ ಬೀಳೋ ಸ್ವಭಾವ, ಗಾಜಿಗೆ ತಲೆ ಹೊಡ್ಕೊಳ್ಳುತ್ತೆ. ಅದಕ್ಕೆ ಬೇಕಿರೋದು ಕೊಳ. ಮೇಲಾಗಿ ನನ್ನ ನೀರು ಆಗ ನೇರಳೆ. ಎಲ್ಲಾ ಸರಿ ಇತ್ತು ಲೆಕ್ಕ. ದೊಡ್ಡಪ್ಪನ ಪಕ್ಕದ ಜಮೀನಿನವರ ಕೃಷಿ ಹೊಂಡ ಇದೆ, ಟಾರ್ಪಾಲ್ ಹಾಸಿ ಬೇಲಿ ಹಾಕಿರೋದು, ಕೋಡಿಗೆ ಬಲೆ ಕಟ್ಟಿ ಕೇಳಿ ನೋಡೋಣ ಅಂತಾನೂ ಅಂದ್ಕೊಂಡಿದ್ದೆ. ಅಂದ್ಕೊಂಡೆ ಅಷ್ಟೇ. ಟ್ಯಾಂಕ್, ಆಫೀಸು, ಟೆಸ್ಟ್ ಟ್ಯೂಬು ಅಂತ ದಿನ ಹೋಯ್ತು, ಆ ಹುಡುಗಿಗೆ ಫೋನ್ ಮಾಡ್ಲಿಲ್ಲ.

ಫೆಬ್ರವರಿ ಮಧ್ಯದಲ್ಲಿ ದೊಡ್ಡಪ್ಪನ ಹಲ್‌ಸೆಟ್ಟಿಗೆ ಮತ್ತೆ ಹೋದಾಗ ಟಿವಿ ಕೆಳಗೆ ಎರಡು ಪ್ಲಾಸ್ಟಿಕ್ ಗಿಡ ಇತ್ತು. "ನಾಲೆಗೆ ಬಿಟ್ಬಿಟ್ವಿ ಸಾರ್. ನೀರು ಹರೀತಿತ್ತಲ್ಲ, ಚೆನ್ನಾಗಿರುತ್ತೆ ಅಂತ" ಅಂದ್ಳು ಆ ಹುಡುಗಿ, ನಾನು ಖುಷಿ ಪಡ್ತೀನಿ ಅಂದ್ಕೊಂಡು ಹೇಳಿದ್ದು. ನಂಗೆ ಬೈಯೋಕೆ ಬಾಯಿ ಬರ್ಲಿಲ್ಲ, ಬೈಯೋ ಹಕ್ಕೂ ಇರ್ಲಿಲ್ಲ. ಆಚೆ ಬಂದ ಮೇಲೆ ದೊಡ್ಡಪ್ಪ ಹೇಳಿದ್ರು, ಕಟ್ಟು ನೀರು, ಅಂದ್ರೆ ಸರದಿ ಪ್ರಕಾರ ನಾಲೆಗೆ ಬಿಡೋ ನೀರು, ನಿಲ್ಲಿಸಿದ ಮೇಲೆ ನಾಲೆ ಗುಂಡಿಗಳಲ್ಲಿ ಉಳಿಯೋ ಮೀನನ್ನ ಹುಡುಗ್ರು ಬಲೆ ಹಾಕಿ ಬಾಚ್ಕೊಂಡು ಹೋಗ್ತವೆ ಅಂತ.

ಗುಂಡೀಲಿ ಸಿಕ್ಕದೆ ಕೆಳಗೆ ಹೋಗಿ ಕಾವೇರಿ ಸೇರಿದ್ರೆ? ಅದು ಅದಕ್ಕಿಂತ ಒಳ್ಳೇದು ಅಂತ ಹೇಳೋಕೂ ಆಗಲ್ಲ. ಈ ನದೀಲಿ ಬಿಳಿ ಮೀನು ಅಂತ ನಮ್ಮ ಹಿರಿಯರು ಹೇಳ್ತಿದ್ರು, ಮಾಹಶೀರ್, ಅದರಲ್ಲಿ ಗೂನು ಬೆನ್ನಿನ ಜಾತಿ ಕಾವೇರಿ ಮತ್ತೆ ಅದರ ಉಪನದಿಗಳು ಬಿಟ್ಟು ಬೇರೆಲ್ಲೂ ಇಲ್ಲ. ಟಾರ್ ರೆಮಾದೇವಿ ಅನ್ನೋ ವೈಜ್ಞಾನಿಕ ಹೆಸರು ಅದಕ್ಕೇ ಸೇರಿದ್ದು ಅಂತ ಖಚಿತ ಆಗಿದ್ದು 2018ರಲ್ಲಿ, ಅದೇ ವರ್ಷ ಅದನ್ನ ಅಳಿವಿನ ಅಂಚಿನ ಪಟ್ಟೀಲಿ ಅತ್ಯಂತ ಗಂಭೀರ ಸಾಲಿಗೆ ಸೇರಿಸಿದ್ರು. ಅದು ಕಮ್ಮಿ ಆಗೋಕೆ ಹಲವು ಕಾರಣ, ಅಣೆಕಟ್ಟು, ಮರಳು, ಡೈನಮೈಟ್, ಅದರ ಜೊತೆಗೆ ಒಂದು ಕಾರಣ ಬೇರೆ ಕಡೆ ಹ್ಯಾಚರೀಲಿ ಬೆಳೆಸಿ ತಂದು ಬಿಟ್ಟ ನೀಲಿ ರೆಕ್ಕೆಯ ಮಾಹಶೀರ್. ಅದನ್ನ ಬಿಟ್ಟವರೂ ನದಿಗೆ ಒಳ್ಳೇದಾಗ್ಲಿ ಅಂತಲೇ ಬಿಟ್ಟಿದ್ದು. ಆ ಹುಡುಗೀನೂ ಹಾಗೇ.

ಈಗ ನಮ್ಮನೆ ಟ್ಯಾಂಕಿನ ಫಿಲ್ಟರ್ ತೊಟ್ಟೀಲಿ ಬೇಕಾಗಿದ್ದಕ್ಕಿಂತ ನಾಲ್ಕು ಸ್ಪಂಜ್ ಜಾಸ್ತಿ ಇವೆ, ಕಂದು ಬಣ್ಣ ತಿರುಗಿ ಚೆನ್ನಾಗಿ ಮಾಗಿರೋವು. ಯಾರಾದ್ರೂ ಅರ್ಜೆಂಟಲ್ಲಿ ಮೀನು ಉಳಿಸ್ಕೋಬೇಕು ಅಂದ್ರೆ ಕೊಡೋಕೆ. ಕೊಡೋಕೆ ಮುಂಚೆ ತಿಂಗಳಿಂದ ಟ್ಯಾಂಕಲ್ಲಿ ರೋಗ ಇಲ್ಲ ಅಂತ ನೋಡ್ಕೊಂಡೇ ಕೊಡ್ತೀನಿ. ಹೋದ ಭಾನುವಾರ ನಂಜನಗೂಡು ರಸ್ತೆ ಕಡೆಯಿಂದ ಒಬ್ಬ ಹುಡುಗ ಬಂದಿದ್ದ, ಪಿಯುಸಿ ಓದ್ತಿದಾನೆ, ಹೊಸ ಟ್ಯಾಂಕಿಗೆ ಮೀನು ಬಿಟ್ಟು ಐದನೇ ದಿನವಂತೆ, ಮೀನು ಮೇಲೆ ಬಂದು ಬಾಯಿ ಬಿಡ್ತಿವೆಯಂತೆ. ಐದನೇ ದಿನ ಅಂದ ತಕ್ಷಣ ನಂಗೆ ಮುಂದಿಂದು ಕೇಳೋದೇ ಬೇಕಾಗಿರ್ಲಿಲ್ಲ. ಅವನು ತಂದಿದ್ದ ಸ್ಟೀಲ್ ಡಬ್ಬೀಲಿ ಟ್ಯಾಂಕಿನ ನೀರನ್ನೇ ಹಾಕಿ ಎರಡು ಸ್ಪಂಜ್ ಇಟ್ಟು ಕೊಟ್ಟೆ, ದಾರೀಲಿ ಎಲ್ಲೂ ನಿಲ್ಲಬೇಡ, ಬಿಸಿಲಿಗೆ ಇಡಬೇಡ, ಹೋದ ತಕ್ಷಣ ಅರ್ಧ ನೀರು ಬದಲಾಯಿಸು, ಕ್ಲೋರಿನ್ ತೆಗೆದ ನೀರು ಹಾಕು, ಊಟ ಮೂರು ದಿನ ನಿಲ್ಸು ಅಂತೆಲ್ಲ ಹೇಳಿದೆ. ಅವನು ಗೇಟ್ ದಾಟಿ ಸ್ಕೂಟರ್ ಹತ್ತಿದ ಮೇಲೆ ನೆನಪಾಗಿ ಓಡಿ ಹೋಗಿ ಹ್ಯಾಂಡಲ್ ಹಿಡ್ಕೊಂಡೆ, "ನಲ್ಲಿ ನೀರಲ್ಲಿ ತೊಳೀಬೇಡಪ್ಪ ಅದನ್ನ, ಎಷ್ಟೇ ಗಲೀಜು ಕಂಡ್ರೂ ತೊಳೀಬೇಡ."